ಪಾಡ್ಯದ ಮುಂಜಾವಿನ ಲೆಕ್ಕ

ದೀಪಾವಳಿಯ ಅಮಾವಾಸ್ಯೆಯ ಸಂಜೆ ರಾಯಚೂರಿನ ಗಂಜಿನ ಅಂಗಡಿಗಳಲ್ಲಿ ಖಾತೆಪುಸ್ತಕಕ್ಕೆ ಅರಿಸಿನ ಕುಂಕುಮ ಏರುತ್ತದೆ. ಸರಕಾರದ ಲೆಕ್ಕದ ವರ್ಷ ಏಪ್ರಿಲಿನಲ್ಲಿ ಮೊದಲಾಗಿ ಮಾರ್ಚಿಯಲ್ಲಿ ಮುಗಿಯುವುದೆಂಬುದನ್ನು ನಮ್ಮ ಹತ್ತಿಯ ವರ್ತಕರು ಅರಿಯದವರಲ್ಲ. ತೆರಿಗೆಯನ್ನೂ ಆ ಲೆಕ್ಕದಂತೆಯೇ ಕಟ್ಟುವರು. ಆದರೂ ಮನಸ್ಸಿನ ಲೆಕ್ಕ ಮುಗಿಯುವುದು ಅಮಾವಾಸ್ಯೆಗೆ, ಮೊದಲಾಗುವುದು ಪಾಡ್ಯಕ್ಕೆ. ಹೊಸ ಪುಸ್ತಕದ ಮೊದಲ ಹಾಳೆಯಲ್ಲಿ ‘ಶ್ರೀ’ ಎಂದು ಬರೆದು, ಒಂದು ಸಾಲನ್ನೂ ತುಂಬದೆ ಮುಚ್ಚಿಡುವ ಆ ಕ್ಷಣದಲ್ಲಿ ಎಂಥ ಲೋಭಿಯ ಮುಖದಲ್ಲಿಯೂ ಒಂದು ಬಗೆಯ ಎಳೆತನ ಕಾಣಿಸುವುದನ್ನು ನಾನು ನೋಡಿದ್ದೇನೆ.

ಈ ಸಂಪ್ರದಾಯವನ್ನು ನಾವು ಐದಾರು ಜನ ನಮ್ಮ ಕೆಲಸಕ್ಕೆ ಎರವಲು ಪಡೆದು ಕೆಲವು ವರ್ಷಗಳಾದುವು. ನಮ್ಮ ಕೆಲಸವೆಂದರೆ ಓಟ. ಓಟಗಾರರು ಎಂದು ಹೇಳಿಕೊಳ್ಳಲು ನಮಗೆ ಈಗಲೂ ತುಸು ಸಂಕೋಚ. ನಮ್ಮಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಗಳು, ಒಬ್ಬರು ಔಷಧದ ಅಂಗಡಿಯವರು, ಮಾನ್ವಿಯಿಂದ ಬರುವ ಒಬ್ಬ ಪ್ರೌಢಶಾಲೆಯ ಉಪಾಧ್ಯಾಯರು, ದೇವದುರ್ಗದಲ್ಲಿ ಗೊಬ್ಬರದ ವ್ಯಾಪಾರ ಮಾಡುವ ಒಬ್ಬ ತರುಣ. ಉಳಿದದ್ದು ನಾನು, ಪಾಠ ಹೇಳಿ ಗಂಟಲು ಸವೆಸಿಕೊಂಡವನು. ಯಾರಿಗೂ ಪದಕದ ಆಸೆಯಿಲ್ಲ; ಇದ್ದರೂ ಪದಕಕ್ಕೆ ನಮ್ಮ ಆಸೆಯಿಲ್ಲ. ಇಂಗ್ಲಿಷಿನವರು ‘ಅಮೆಚೂರ್’ ಎನ್ನುವ ಮಾತಿನ ಬೇರು ಲ್ಯಾಟಿನ್ನಿನಲ್ಲಿದೆಯಂತೆ. ಅದರ ಅರ್ಥ ‘ಪ್ರೀತಿಸುವವನು’. ಸಂಬಳಕ್ಕಲ್ಲದೆ ಪ್ರೀತಿಗಾಗಿ ಮಾಡುವವನು ಎಂದು ತಾತ್ಪರ್ಯ. ಪ್ರೀತಿಯೂ ಲೆಕ್ಕ ಇಡುವುದೇ ಎಂದು ಓದುಗರು ಕೇಳಬಹುದು. ಇಡುತ್ತದೆ, ಅದೂ ಸೆಕೆಂಡಿನ ಲೆಕ್ಕ.

ಪಾಡ್ಯದ ದಿನ ಬೆಳಕು ಹರಿಯುವ ಮುನ್ನ ಕೋಟೆಯ ಬುಡದಿಂದ ಹೊರಟು ಹತ್ತು ಕಿಲೋಮೀಟರು ಓಡಿ, ಮಾವಿನಕೆರೆಯ ಏರಿಯ ಮೇಲೆ ಕುಳಿತು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು ಎಂಬುದು ಒಪ್ಪಂದ. ತನ್ನದನ್ನು ತಾನೇ ಓದಿದರೆ ಕೆಟ್ಟ ವಾರಗಳನ್ನು ನುಂಗಿಬಿಡುವ ಭಯವುಂಟು. ಪುಸ್ತಕದಲ್ಲಿ ಇರುವುದು ತಿಥಿ, ದೂರ, ಕಾಲ, ಮತ್ತು ಒಂದು ಷರಾ: ‘ಎದುರುಗಾಳಿ’, ‘ಬಲ ಮೊಣಕಾಲು’, ‘ಮಗಳ ಜ್ವರ, ಓಡಲಿಲ್ಲ’. ಈಗ ಕೈಗಡಿಯಾರವೇ ಉಪಗ್ರಹದೊಡನೆ ಮಾತಾಡಿ ಇದೆಲ್ಲವನ್ನೂ ತಾನೇ ಬರೆದುಕೊಳ್ಳುತ್ತದೆ, ನಿಜ. ಆದರೆ ಕೋಟೆಯ ಇಕ್ಕಟ್ಟಾದ ಗೋಡೆಗಳ ನಡುವೆ ಹಾಯುವಾಗ ಆ ಗಡಿಯಾರಕ್ಕೆ ದಿಕ್ಕು ತಪ್ಪುತ್ತದೆ. ನಾವು ಮನೆಗಳ ಮೇಲೆ ಹಾರಿದಂತೆ ಗೆರೆ ಎಳೆಯುತ್ತದೆ. ಮಗಳ ಜ್ವರವಂತೂ ಅದಕ್ಕೆ ತಿಳಿಯದು.

ಈ ಲೆಕ್ಕದಲ್ಲಿ ನಾವು ಮೊದಲು ಮಾಡಿದ ತಪ್ಪು ದೊಡ್ಡದು. ಅದನ್ನು ಮಾಡಿದವನು ನಾನೇ ಆದ್ದರಿಂದ ವಿಸ್ತರಿಸಿ ಹೇಳುತ್ತೇನೆ. ಒಂದು ವರ್ಷ ಮಾಘಮಾಸದಲ್ಲಿ ಹತ್ತು ಕಿಲೋಮೀಟರನ್ನು ಐವತ್ತೇಳು ನಿಮಿಷದಲ್ಲಿ ಓಡಿದ್ದೆ. ವೈಶಾಖದಲ್ಲಿ ಅದೇ ದಾರಿಗೆ ಅರವತ್ತೈದಾಯಿತು. ಎದೆಯಲ್ಲಿ ಏನೋ ಕೆಟ್ಟಿದೆಯೆಂದು ಬಗೆದು, ಮನೆಯಲ್ಲಿ ಹೇಳದೆ, ಎರಡು ವಾರ ರಾತ್ರಿ ನಿದ್ದೆಗೆಟ್ಟೆ. ಕೊನೆಗೆ ವೈದ್ಯರು ನೋಡಿ, ಎದೆ ನೆಟ್ಟಗಿದೆ, ಊರು ರಾಯಚೂರು ಎಂದರು. ಆ ಮಾತಿನ ಅರ್ಥ ನಿಧಾನವಾಗಿ ಹೊಳೆಯಿತು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಏಪ್ರಿಲು ಮೇ ತಿಂಗಳುಗಳಲ್ಲಿ ಉಷ್ಣಮಾನ ನಲವತ್ತು ಡಿಗ್ರಿಯನ್ನು ದಾಟುವುದು ವಾಡಿಕೆ. ನಲವತ್ತೈದನ್ನು ಮುಟ್ಟುವ ದಿನಗಳೂ ಉಂಟು. ಬಂಡೆಯೂ ಎರೆ ನೆಲವೂ ಹಗಲು ಹೀರಿದ ಕಾವನ್ನು ಇರುಳೆಲ್ಲ ಉಸಿರಾಡುತ್ತಲೇ ಇರುತ್ತವೆ. ಐದು ಗಂಟೆಯ ಗಾಳಿಯಲ್ಲಿಯೂ ತಂಪಿಲ್ಲ. ಇಂಥಲ್ಲಿ ಓಡುವವನ ರಕ್ತಕ್ಕೆ ಇಬ್ಬರು ಯಜಮಾನರು. ಕಾಲಿನ ಸ್ನಾಯುಗಳು ತಮಗೆ ಬೇಕೆನ್ನುತ್ತವೆ; ಮೈಯ ಕಾವನ್ನು ಹೊರಹಾಕಲು ಚರ್ಮವೂ ತನಗೆ ಬೇಕೆನ್ನುತ್ತದೆ. ಹೃದಯ ಇಬ್ಬರಿಗೂ ದುಡಿಯಬೇಕು. ಆದ್ದರಿಂದ ಅದೇ ಶ್ರಮಕ್ಕೆ ವೇಗ ಕಡಮೆ. ಮೈ ಈ ಕಾವಿಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕೆಂದು ಬಲ್ಲವರು ಹೇಳುತ್ತಾರೆ. ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಮೊದಲಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಮೆಯಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಆರದೆ ತೊಟ್ಟಿಕ್ಕುತ್ತದೆ. ಓಡುವವನಿಗೆ ತಾನು ನೀರಾಗುತ್ತಿರುವುದು ಗೊತ್ತಾಗುತ್ತದೆ. ನಮ್ಮ ಒಣಗಾಳಿಯಲ್ಲಿ ಬೆವರು ಮೂಡಿದಲ್ಲಿಯೇ ಆರಿಹೋಗಿ ಅಂಗಿಯ ಮೇಲೆ ಉಪ್ಪಿನ ಗೆರೆಯಷ್ಟೇ ಉಳಿಯುವುದು. ಬೆವರಲಿಲ್ಲವೆಂದು ಹಿಗ್ಗಿದವನು ಮನೆಯಲ್ಲಿ ತಕ್ಕಡಿಯ ಮೇಲೆ ನಿಂತರೆ ಒಂದು ಕಿಲೋ ಕಡಮೆ. ಎಂದರೆ ಹೆಚ್ಚುಕಡಮೆ ಒಂದು ಲೀಟರು ನೀರು ಗಾಳಿಗೆ ಹೋಯಿತೆಂದು ಲೆಕ್ಕ. ಹಾಗೆಂದು ಬರಿಯ ನೀರನ್ನೇ ಕೊಡಗಟ್ಟಲೆ ಕುಡಿದರೂ ರಕ್ತದ ಉಪ್ಪು ತೆಳುವಾಗಿ ಅಪಾಯ ಬರುವುದುಂಟು. ಉಪ್ಪು ಬೆರೆಸಿದ ಮಜ್ಜಿಗೆಯನ್ನು ಕಂಡುಹಿಡಿದ ಹಿರಿಯರು ಓಟಗಾರರಲ್ಲದಿದ್ದರೂ ಹೊಲದಲ್ಲಿ ದುಡಿದವರು.

ಅಂದಿನಿಂದ ನಮ್ಮ ಮೊದಲ ನಿಯಮ ಇದು: ಕಾರ್ತಿಕವನ್ನು ಕಾರ್ತಿಕದೊಡನೆ ಹೋಲಿಸು, ವೈಶಾಖವನ್ನು ವೈಶಾಖದೊಡನೆ. ಮಾಘದ ಬೆಳೆಯನ್ನು ವೈಶಾಖದಲ್ಲಿ ಕೇಳುವ ರೈತನುಂಟೇ?

ಮಾನ್ವಿಯ ಉಪಾಧ್ಯಾಯರದು ಬೇರೊಂದು ತೊಡಕು. ಅವರಿಗೆ ಈಗ ಐವತ್ತೆರಡು. ನಲವತ್ತಾರರಲ್ಲಿ ಹತ್ತು ಕಿಲೋಮೀಟರಿಗೆ ಅವರ ಅತ್ಯುತ್ತಮ ಕಾಲ ಐವತ್ತೆಂಟು ನಿಮಿಷ; ಈಗ ಎಷ್ಟು ಒದ್ದಾಡಿದರೂ ಅರವತ್ತೊಂದು. ಋತು ಒಂದೇ, ದಾರಿ ಒಂದೇ. ನೆಪ ಹೇಳಲು ಏನೂ ಉಳಿಯಲಿಲ್ಲ. ಪ್ರತಿವರ್ಷ ಪುಸ್ತಕ ಓದಿಸಿಕೊಳ್ಳುವಾಗ ಅವರು ಕೆರೆಯ ನೀರನ್ನೇ ನೋಡುತ್ತಿದ್ದರು. ಮೂವತ್ತು ದಾಟಿದ ಮೇಲೆ ಮೈ ಬಳಸಬಲ್ಲ ಪ್ರಾಣವಾಯುವಿನ ಪ್ರಮಾಣ ದಶಕದಿಂದ ದಶಕಕ್ಕೆ ಇಳಿಯುತ್ತಲೇ ಹೋಗುತ್ತದೆ. ಅಭ್ಯಾಸ ಆ ಇಳಿತವನ್ನು ನಿಧಾನ ಮಾಡಬಲ್ಲುದೇ ಹೊರತು ನಿಲ್ಲಿಸಲಾರದು. ಹಾಗಾದರೆ ವಯಸ್ಸಾದವನ ಪ್ರಗತಿಯೆಂಬುದಕ್ಕೆ ಅರ್ಥವೇನು?

ಇದಕ್ಕೆ ಹಿರಿಯ ಕ್ರೀಡಾಪಟುಗಳ ಅಂತರರಾಷ್ಟ್ರೀಯ ಸಂಸ್ಥೆಯವರು ಒಂದು ಕೋಷ್ಟಕ ಮಾಡಿಟ್ಟಿದ್ದಾರೆ. ಆಯಾ ವಯಸ್ಸಿನವರು ಆಯಾ ದೂರವನ್ನು ಅತ್ಯುತ್ತಮವಾಗಿ ಎಷ್ಟು ಕಾಲದಲ್ಲಿ ಓಡಬಲ್ಲರೆಂಬುದನ್ನು ಆಧಾರವಾಗಿಟ್ಟುಕೊಂಡು, ನಮ್ಮ ಓಟ ಅದರ ಶೇಕಡ ಎಷ್ಟೆಂದು ಹೇಳುವುದು. ಔಷಧದ ಅಂಗಡಿಯವರು ಅದನ್ನು ತಂದು ಲೆಕ್ಕ ಹಾಕಿದಾಗ, ನಲವತ್ತಾರರ ಐವತ್ತೆಂಟೂ ಐವತ್ತೆರಡರ ಅರವತ್ತೊಂದೂ ಹೆಚ್ಚುಕಡಮೆ ಒಂದೇ ತೂಕದವೆಂದು ಗೊತ್ತಾಯಿತು. ಬ್ಯಾಂಕಿನವರು ಒಪ್ಪಲಿಲ್ಲ. ಇದು ಸಾಂತ್ವನವೇ ಹೊರತು ಗಣಿತವಲ್ಲ. ರೂಪಾಯಿಯ ಬೆಲೆ ಇಳಿಯಿತೆಂದು ಸಾಲಗಾರ ಅಸಲನ್ನು ಹೆಚ್ಚಿಸಿ ಕೊಡುವನೇ ಎಂದು ಕೇಳಿದರು. ಉಪಾಧ್ಯಾಯರು ಬಹಳ ಹೊತ್ತು ಸುಮ್ಮನಿದ್ದು, ಕಾಲದ ಗೊಡವೆಯನ್ನೇ ಬಿಟ್ಟೆ, ಇನ್ನು ದೂರದ ಕಡೆ ತಿರುಗುತ್ತೇನೆ ಎಂದರು. ರಾಯಚೂರಿನಿಂದ ಮಾನ್ವಿಗೆ ಸುಮಾರು ನಲವತ್ತೈದು ಕಿಲೋಮೀಟರು. ಮ್ಯಾರಥಾನಿನ ದೂರಕ್ಕಿಂತ ಸ್ವಲ್ಪ ಹೆಚ್ಚು. ಒಂದು ದಿನ ಬಸ್ಸು ಹಿಡಿಯದೆ ಓಡುತ್ತ, ಸಾಕಾದಾಗ ನಡೆಯುತ್ತ, ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕೆಂಬುದು ಅವರ ಹಂಬಲ. ಎಷ್ಟು ಗಂಟೆಯಾಯಿತೆಂದು ಪುಸ್ತಕದಲ್ಲಿ ಬರೆಯುವುದಿಲ್ಲವಂತೆ.

ಇದು ಆ ದಾರಿಗೆ ಹೊಸದೇನಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಮೂರು ಸಲ ಕಾಶಿಗೆ ಹೋಗಿಬಂದರೆಂದು ಪ್ರತೀತಿ. ೧೮ನೆಯ ಶತಮಾನದಲ್ಲಿ ಅದು ಕಾಲುದಾರಿಯೇ. ಮಾನ್ವಿಯ ಜಗನ್ನಾಥದಾಸರು ಹೊಟ್ಟೆಯ ಬೇನೆಯಿಂದ ಸಾಯುವ ಸ್ಥಿತಿಯಲ್ಲಿದ್ದಾಗ ಗೋಪಾಲದಾಸರು ತಮ್ಮ ಆಯುಸ್ಸಿನಿಂದ ನಲವತ್ತು ವರ್ಷಗಳನ್ನು ತೆಗೆದುಕೊಟ್ಟರೆಂಬ ಕಥೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಹರಿಕಥಾಮೃತಸಾರ ಬಂದದ್ದು ಆ ಎರವಲು ಆಯುಸ್ಸಿನಲ್ಲಿ ಎಂದು ಭಕ್ತರು ನಂಬುತ್ತಾರೆ. ಉಪಾಧ್ಯಾಯರು ಈ ಕಥೆಯನ್ನು ನೆನೆದು, ನಮಗೆ ವರ್ಷ ಕೊಡುವವರಿಲ್ಲ, ಇದ್ದ ವರ್ಷದಲ್ಲಿಯೇ ಮುಗಿಸಬೇಕು ಎಂದು ನಕ್ಕರು. ನಗೆಯಲ್ಲಿ ಕಹಿ ಇರಲಿಲ್ಲ.

ಮ್ಯಾರಥಾನಿನ ಮಾತು ಬಂದಿತಾದ್ದರಿಂದ ನಮ್ಮವರೇ ಆದ ಒಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರು ೧೯೨೦ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಓಡಿದರು. ಪುಣೆಯ ಡೆಕ್ಕನ್ ಜಿಮ್ಖಾನಾದ ಪಂದ್ಯಗಳಲ್ಲಿ ಹಳ್ಳಿಯ ಓಟಗಾರರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರ ನೆರವಿನಿಂದ ಹೊರಟ ತಂಡ ಅದು. ಆಂಟ್‌ವರ್ಪಿನ ದಾರಿ ೪೨.೭೫ ಕಿಲೋಮೀಟರು; ಇಂದು ನಾವು ಹೇಳುವ ೪೨.೧೯೫ ಸ್ಥಿರವಾದದ್ದು ಮರುವರ್ಷ, ೧೯೨೧ರಲ್ಲಿ. ಫಿನ್ಲೆಂಡಿನ ಹಾನೆಸ್ ಕೋಲೆಹ್ಮೈನನ್ ಗೆದ್ದ ಆ ಓಟದಲ್ಲಿ ಚೌಗುಲೆ ೨ ಗಂಟೆ ೫೦ ನಿಮಿಷ ೪೫ ಸೆಕೆಂಡಿಗೆ ಗುರಿ ಮುಟ್ಟಿ ೧೯ನೆಯವರಾದರು. ಕಿಲೋಮೀಟರಿಗೆ ನಾಲ್ಕು ನಿಮಿಷ. ಅದೂ ನಲವತ್ತೆರಡು ಸಲ, ಎಡೆಬಿಡದೆ. ನಮ್ಮ ಗುಂಪಿನಲ್ಲಿ ಒಂದೇ ಒಂದು ಕಿಲೋಮೀಟರನ್ನು ಆ ವೇಗದಲ್ಲಿ ಓಡಬಲ್ಲವನು ದೇವದುರ್ಗದ ತರುಣನೊಬ್ಬನೇ; ಓಡಿ ರಸ್ತೆಯ ಬದಿಗೆ ಕುಳಿತುಬಿಡುತ್ತಾನೆ. ಶಿವನಾಥ ಸಿಂಗರು ೧೯೭೮ರಲ್ಲಿ ಜಲಂಧರದಲ್ಲಿ ಓಡಿದ ೨ ಗಂಟೆ ೧೨ ನಿಮಿಷ ದಶಕಗಳ ಕಾಲ ಭಾರತದ ದಾಖಲೆಯಾಗಿ ನಿಂತಿತು. ಕೀನ್ಯದ ಕೆಲ್ವಿನ್ ಕಿಪ್ಟುಮ್ ೨೦೨೩ರಲ್ಲಿ ಶಿಕಾಗೋದಲ್ಲಿ ೨ ಗಂಟೆ ೩೫ ಸೆಕೆಂಡಿಗೆ ಮುಗಿಸಿದನು. ಮರುವರ್ಷ ಫೆಬ್ರವರಿಯಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಇವರ ಅಂಕಿಗಳನ್ನು ನಮ್ಮ ಪುಸ್ತಕದ ಪಕ್ಕದಲ್ಲಿಟ್ಟು ನೋಡುವುದು ಸಮುದ್ರದ ಪಕ್ಕದಲ್ಲಿ ಚೊಂಬು ಇಟ್ಟಂತೆ. ಆದರೂ ಚೌಗುಲೆಯವರ ೧೯ನೆಯ ಸ್ಥಾನ ನನಗೆ ಗೆದ್ದವನ ಕಿರೀಟಕ್ಕಿಂತ ಹತ್ತಿರದ್ದಾಗಿ ಕಾಣುತ್ತದೆ.

ದೇವದುರ್ಗದ ತರುಣನ ಪುಸ್ತಕ ಈ ವರ್ಷ ತೆಳ್ಳಗಿತ್ತು. ಕಳೆದ ಪಾಡ್ಯದಂದು ಅವನು ದೊಡ್ಡ ಗುರಿ ಬರೆದಿದ್ದ: ಬೆಂಗಳೂರಿಗೆ ಹೋಗಿ ಅರ್ಧ ಮ್ಯಾರಥಾನು. ವಾರಕ್ಕೆ ಹದಿನೈದು ಕಿಲೋಮೀಟರು ಓಡುತ್ತಿದ್ದವನು ಒಂದೇ ತಿಂಗಳಲ್ಲಿ ನಲವತ್ತಕ್ಕೆ ಏರಿಸಿದ. ಉಸಿರು ಒಪ್ಪಿತು, ಎಲುಬು ಒಪ್ಪಲಿಲ್ಲ. ಹೃದಯವೂ ಶ್ವಾಸವೂ ಕೆಲವು ವಾರಗಳಲ್ಲಿ ಬಲಗೊಳ್ಳುತ್ತವೆ. ಎಲುಬಿಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಅದು ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುವುದರಿಂದ ನಡುವಿನ ಕೆಲವು ವಾರ ಮೊದಲಿಗಿಂತ ದುರ್ಬಲವಾಗಿರುತ್ತದೆ. ಮನೆ ರಿಪೇರಿಯಾಗುವಾಗ ಮಳೆ ಬಂದಂತೆ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟು, ಎರಡು ತಿಂಗಳು ಅಂಗಡಿಯ ಗಲ್ಲದ ಮೇಲೆಯೇ ಕುಳಿತ. ಈಗ ಅವನು ಬರೆದಿರುವ ಗುರಿಯಲ್ಲಿ ಅಂಕಿಯೇ ಇಲ್ಲ: ಮುಂದಿನ ಪಾಡ್ಯದವರೆಗೆ ನೋವಿಲ್ಲದೆ ಓಡುವುದು. ವಾರದಿಂದ ವಾರಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚಿಸಬಾರದೆಂಬ ಜನಪ್ರಿಯ ಸೂತ್ರವೊಂದಿದೆ. ಅದಕ್ಕೆ ಶಾಸ್ತ್ರದ ಬಲ ಅಷ್ಟೇನೂ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಇರಲಿ, ತಾಳ್ಮೆಯಿಲ್ಲದವನಿಗೆ ಯಾವುದಾದರೂ ಒಂದು ಕಟ್ಟು ಬೇಕು.

ಇಷ್ಟೆಲ್ಲ ಮುಗಿದು, ಚಹದ ಲೋಟಗಳು ಖಾಲಿಯಾಗುವ ಹೊತ್ತಿಗೆ ಈ ಸಲ ಇನ್ನೊಬ್ಬನು ತನ್ನ ಪುಸ್ತಕವನ್ನು ಮುಂದಿಟ್ಟ. ಜಿಲ್ಲಾ ಕ್ರೀಡಾಂಗಣದಲ್ಲಿ ನಮಗೆ ಪರಿಚಯವಾದ ಹುಡುಗ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವನು. ರಾಯಚೂರಿನಲ್ಲಿ ಕೋಣೆ ಹಿಡಿದು ಪೊಲೀಸ್ ಪೇದೆಯ ಪರೀಕ್ಷೆಗೆ ಓದುತ್ತಿದ್ದಾನೆ. ಮುಂಜಾನೆ ನಾವು ಓಡುವ ಹಾದಿಯಲ್ಲಿ ಇಂಥ ಹುಡುಗರೇ ಹೆಚ್ಚು. ಅವರು ಹವ್ಯಾಸಿಗಳಲ್ಲ, ವೃತ್ತಿಯವರೂ ಅಲ್ಲ. ವೃತ್ತಿಯ ಬಾಗಿಲಿಗೆ ಓಡುತ್ತಿರುವವರು. ದೇಹದಾರ್ಢ್ಯ ಪರೀಕ್ಷೆಯಲ್ಲಿ ಪುರುಷರು ೧೬೦೦ ಮೀಟರನ್ನು ೬ ನಿಮಿಷ ೩೦ ಸೆಕೆಂಡಿನೊಳಗೆ ಓಡಬೇಕು. ನಾನೂರು ಮೀಟರಿನ ನಾಲ್ಕು ಸುತ್ತು. ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಹಿಂದಿನ ಸಲ ಅವನು ಲಿಖಿತ ಪರೀಕ್ಷೆಯನ್ನು ದಾಟಿ, ಮೈದಾನದಲ್ಲಿ ೬ ನಿಮಿಷ ೩೮ ಸೆಕೆಂಡಿಗೆ ಬಂದಿದ್ದ.

ಎಂಟು ಸೆಕೆಂಡು. ನಮ್ಮ ಪುಸ್ತಕಗಳಲ್ಲಿ ಎಂಟು ಸೆಕೆಂಡಿಗೆ ಬೆಲೆಯೇ ಇಲ್ಲ. ಷೂವಿನ ದಾರ ಬಿಚ್ಚಿದರೆ ಅಷ್ಟು ಹೋಗುತ್ತದೆ. ಅವನ ಪುಸ್ತಕದಲ್ಲಿ ಅದು ತಂದೆಯ ಸಾಲ, ಮುಗಿಯುತ್ತಿರುವ ವಯೋಮಿತಿ. ನಾವು ಹವ್ಯಾಸಿಗಳು ಗುರಿ ತಪ್ಪಿದರೆ ಮುಂದಿನ ವರ್ಷಕ್ಕೆ ಬರೆದುಕೊಳ್ಳುತ್ತೇವೆ. ಅವನಿಗೆ ಮುಂದಿನ ವರ್ಷ ಎಂಬುದು ಸರಕಾರದ ಅಧಿಸೂಚನೆಯಲ್ಲಿದೆ. ಅಲ್ಲಿಯವರೆಗೆ ಉತ್ಸಾಹದಿಂದ ಮಾತನಾಡುತ್ತಿದ್ದ ನಮ್ಮ ಧ್ವನಿ ತಾನಾಗಿಯೇ ಇಳಿಯಿತು.

ಪುಸ್ತಕವನ್ನು ಉಪಾಧ್ಯಾಯರು ಓದಿದರು. ತಿಂಗಳುಗಟ್ಟಲೆ ಒಂದೇ ಬರವಣಿಗೆ: ಪ್ರತಿದಿನ ೧೬೦೦ ಮೀಟರು, ಪ್ರತಿದಿನ ಸಾಯುವಷ್ಟು ವೇಗ. ಮೊದಲ ಸುತ್ತು ಎಂಬತ್ತೆರಡು ಸೆಕೆಂಡು, ಕೊನೆಯದು ನೂರಹತ್ತು. ಬ್ಯಾಂಕಿನವರು ಮೊದಲ ಬಾರಿ ತಮ್ಮ ಗಣಿತವನ್ನು ಒಳ್ಳೆಯ ಕೆಲಸಕ್ಕೆ ಬಳಸಿದರು: ಮೊದಲ ಸುತ್ತಿನಲ್ಲಿ ಉಳಿಸಿದ ಹದಿನೈದು ಸೆಕೆಂಡನ್ನು ಉಳಿದ ಸುತ್ತುಗಳಲ್ಲಿ ಬಡ್ಡಿಸಹಿತ ಕಟ್ಟಿದ್ದೀಯೆ ಎಂದರು. ಸುತ್ತಿಗೆ ತೊಂಬತ್ತೈದರಂತೆ ಓಡಿ, ನಡುವೆ ನಿಂತು ಉಸಿರು ತಿರುಗಿಸಿಕೊಂಡು, ಹಾಗೆ ಆರು ಸಲ. ವಾರಕ್ಕೆ ಒಂದೇ ದಿನ ಇದು. ಉಳಿದ ದಿನ ಮಾತಾಡುತ್ತ ಓಡುವಷ್ಟು ನಿಧಾನದ ದೂರದ ಓಟ. ವಾರಕ್ಕೊಂದು ದಿನ ಏನೂ ಇಲ್ಲ. ಹುಡುಗ ಎಲ್ಲವನ್ನೂ ಬರೆದುಕೊಂಡ. ನಿಧಾನ ಓಡಿದರೆ ವೇಗ ಬರುವುದು ಹೇಗೆಂದು ಅವನ ಕಣ್ಣು ಕೇಳುತ್ತಿತ್ತು. ಹಿರಿಯರ ಮುಂದೆ ಬಾಯಿ ಕೇಳಲಿಲ್ಲ.

ಪುಸ್ತಕವನ್ನು ಹಿಂದಿರುಗಿಸುವಾಗ ಉಪಾಧ್ಯಾಯರ ಕೈಯಲ್ಲಿ ಅದರ ಕೊನೆಯ ಹಾಳೆಗಳು ತೆರೆದುಕೊಂಡವು. ಅಲ್ಲಿ ಬೇರೆ ಅಕ್ಷರ, ಬೇರೆ ಅಂಕಿಗಳು: ೨-೨೫, ೨-೧೯, ೨-೧೪, ೨-೦೬. ಅವು ತಂಗಿಯವು ಎಂದ. ಮಹಿಳೆಯರಿಗೆ ೪೦೦ ಮೀಟರು, ಎರಡು ನಿಮಿಷದೊಳಗೆ. ಬೆಳಕಿನಲ್ಲಿ ಊರ ರಸ್ತೆಯ ಮೇಲೆ ಓಡಿದರೆ ಮಾತು ಬರುತ್ತದೆ. ಆದ್ದರಿಂದ ಐದಕ್ಕೆ ಮೊದಲೇ ನಾರಾಯಣಪುರ ಬಲದಂಡೆಯ ಉಪಕಾಲುವೆಯ ಏರಿಯ ಮೇಲೆ ಓಡುತ್ತಾಳೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನಾನೂರು ಮೀಟರೆಂದು ಅಣ್ಣ ಫೋನಿನಲ್ಲಿ ನೋಡಿ ಗುರುತಿಟ್ಟು ಕೊಟ್ಟಿದ್ದಾನೆ. ಆಚೆಯ ಕಲ್ಲಿನ ಬಳಿ ತಾಯಿ ಟಾರ್ಚು ಹಿಡಿದು ಕುಳಿತಿರುತ್ತಾಳೆ. ಟಾರ್ಚು ಆ ಹುಡುಗಿಗೆ ಗುರಿಯೂ ಹೌದು, ಕಾವಲೂ ಹೌದು. ಎರಡು ತಿಂಗಳಿಂದ ಅವಳು ೨-೦೬ರಲ್ಲಿಯೇ ನಿಂತಿದ್ದಾಳೆ. ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆಂದು ಅಣ್ಣ ನೆಲ ನೋಡುತ್ತ ಹೇಳಿದ.

ಉಪಾಧ್ಯಾಯರು ಕೇಳಿದ್ದು ಒಂದೇ ಮಾತು: ಫೋನಿನಲ್ಲಿ ಅಳೆದದ್ದೇ? ನಮ್ಮ ಶಾಲೆಯಲ್ಲಿ ಐವತ್ತು ಮೀಟರಿನ ಟೇಪು ಇದೆ.

ಮುಂದಿನ ಭಾನುವಾರ ನಾವು ಮೂವರು ಬ್ಯಾಂಕಿನವರ ಕಾರಿನಲ್ಲಿ ಕತ್ತಲೆಯಲ್ಲಿಯೇ ಹೊರಟು, ಗಬ್ಬೂರನ್ನು ದಾಟಿ ಆ ಹಳ್ಳಿಯ ಕಾಲುವೆಯನ್ನು ಸೇರಿದೆವು. ಬಿಡಿಸದೆ ಉಳಿದ ಹತ್ತಿ ಎರಡೂ ಕಡೆ ಬೆಳ್ಳಗೆ ಕಾಣುತ್ತಿತ್ತು. ತಾಯಿ ಎದ್ದು ನಿಂತು ಸೆರಗು ಸರಿಪಡಿಸಿಕೊಂಡಳು. ಹುಡುಗಿ ಕಲ್ಲಿನ ಹಿಂದೆ ನಿಂತಿದ್ದಳು. ಉಪಾಧ್ಯಾಯರು ಟೇಪಿನ ಒಂದು ತುದಿ ಹಿಡಿದರು, ಹುಡುಗ ಇನ್ನೊಂದು ತುದಿ ಹಿಡಿದ. ಬ್ಯಾಂಕಿನವರು ಸುಣ್ಣದಲ್ಲಿ ಗುರುತು ಮಾಡುತ್ತ ಎಣಿಸಿದರು. ಒಂದು, ಎರಡು, ಮೂರು. ಎಂಟನೆಯ ಸಲ ಟೇಪು ಚಾಚಿ ಮುಗಿದಾಗ ಆಚೆಯ ಕಲ್ಲು ಇನ್ನೂ ಹನ್ನೆರಡು ಮೀಟರು ದೂರದಲ್ಲಿತ್ತು.

ಅವಳು ಎರಡು ತಿಂಗಳಿಂದ ಓಡುತ್ತಿದ್ದದ್ದು ನಾನೂರ ಹನ್ನೆರಡು. ಬ್ಯಾಂಕಿನವರು ಅಲ್ಲಿಯೇ ಮನಸ್ಸಿನಲ್ಲಿ ಭಾಗಿಸಿ, ೨-೦೬ ಎಂದರೆ ನಿಜಕ್ಕೂ ೨-೦೨ ಎಂದು ಕೂಗಿದರು. ಅಣ್ಣ ನಕ್ಕ. ತಾಯಿಗೆ ಏನೂ ತಿಳಿಯದೆ ಅವಳೂ ನಕ್ಕಳು. ಹುಡುಗಿ ನಗಲಿಲ್ಲ. ಸುಣ್ಣದ ಗೆರೆಯ ಬಳಿಗೆ ಬಂದು, ಅದನ್ನು ಕಾಲಬೆರಳಿನಿಂದ ಮುಟ್ಟಿ ನೋಡಿ, ತಾಯಿಯ ಕೈಯ ಟಾರ್ಚನ್ನು ತಾನೇ ತಂದು ಆ ಗೆರೆಯ ಮೇಲೆ ಇಟ್ಟಳು.

“ಇನ್ನೊಮ್ಮೆ ಓಡ್ತೀನ್ರೀ ಸರ, ಟೈಮ್ ನೋಡ್ರಿ” ಎಂದು, ಮೊದಲ ಕಲ್ಲಿನ ಕಡೆಗೆ ತಿರುಗಿ ನಡೆದಳು.